ಭೃತ್ಯನ ಅನ್ನವೂ ಸ್ವಾಮಿಯ ಸಮಯವೂ

ದುಡಿಮೆಗೂ ಊಟಕ್ಕೂ ಇರುವ ನಂಟು ಕನ್ನಡ ಶಬ್ದಗಳ ಒಡಲಿನಲ್ಲಿಯೇ ಹುದುಗಿರುವುದು. ತಿಂಗಳ ಕೊನೆಯಲ್ಲಿ ನೌಕರನು ಎಣಿಸಿಕೊಳ್ಳುವ ಸಂಬಳವು ಸಂಸ್ಕೃತದ ಶಂಬಲ. ಅದರ ಮೊದಲ ಅರ್ಥ ದಾರಿಗೆ ಕಟ್ಟಿಕೊಂಡ ಬುತ್ತಿ. ಸೇವೆಗೆ ಪ್ರತಿಯಾಗಿ ಬಿಟ್ಟ ಉಂಬಳಿಯಲ್ಲಿ ಉಣ್ ಧಾತುವು ಸ್ಪಷ್ಟವಾಗಿ ಕೇಳಿಬರುತ್ತದೆ. ಭಕ್ತ ಶಬ್ದಕ್ಕೆ ಭಜಿಸುವವನೆಂಬ ಅರ್ಥದೊಡನೆ ಅನ್ನವೆಂಬ ಅರ್ಥವೂ ಉಂಟು. ಗದ್ದೆಯ ಬತ್ತವು ಇದರ ತದ್ಭವ. ಕಂಪೆನಿಯ ದಂಡಿನಲ್ಲಿ ಸಿಪಾಯಿಗೆ ಸಂಬಳದ ಮೇಲೆ ಕೊಡುತ್ತಿದ್ದ 'ಬಟ್ಟಾ' ಎಂಬ ಹಣವನ್ನು ಯೂಲ್ ಮತ್ತು ಬರ್ನೆಲ್ ಎಂಬ ಆಂಗ್ಲ ವಿದ್ವಾಂಸರು ೧೮೮೬ರಲ್ಲಿ ಪ್ರಕಟವಾದ ತಮ್ಮ ಕೋಶದಲ್ಲಿ ಕನ್ನಡದ ಈ ಭತ್ತದೊಡನೆಯೇ ಸಂಬಂಧಿಸಿರುವರು. ಇನ್ನು ಜೋಳವಾಳಿಯೆಂಬ ಮಾತನ್ನು ಸಾಹಿತ್ಯದ ಅಧ್ಯಾಪಕರಿಗೆ ವಿವರಿಸಬೇಕಾದುದಿಲ್ಲ. ಒಡೆಯನ ಜೋಳವನ್ನು ಉಂಡ ಋಣವು ಒಡಹುಟ್ಟಿದವರ ಋಣಕ್ಕಿಂತಲೂ ಮೇಲೆಂದು ಬಗೆದವನೇ ಪಂಪನ ಕರ್ಣನು.

ಹೀಗೆ ಅನ್ನವೇ ವೇತನವಾದ ದೇಶದಲ್ಲಿ ಒಂದು ಪ್ರಶ್ನೆಯು ಏಳದೆ ಇರುವುದು ಅಸಾಧ್ಯ. ಉಣಿಸುವ ಸ್ವಾಮಿಗೆ ತನ್ನದೊಂದು ಮತವಿರುವುದು, ಆ ಮತಕ್ಕೆ ತಕ್ಕ ಭಕ್ಷ್ಯಾಭಕ್ಷ್ಯಗಳ ನಿಯಮವಿರುವುದು. ಉಣ್ಣುವ ಭೃತ್ಯನಿಗೂ ತನ್ನ ಕುಲದ ಆಹಾರ, ತನ್ನ ಮತದ ನಿಷೇಧಗಳು ಇರುವುವು. ಒಬ್ಬನ ನಿಯಮವು ಇನ್ನೊಬ್ಬನ ಬಾಯಿಯನ್ನು ಎಲ್ಲಿಯವರೆಗೆ ಕಟ್ಟಬಲ್ಲುದು? ಈ ಪ್ರಶ್ನೆಯು ಗತಕಾಲದ್ದು ಮಾತ್ರವಲ್ಲ. ೨೦೧೪ರಲ್ಲಿ ಚೆನ್ನೈಯ ಆಂಗ್ಲ ದಿನಪತ್ರಿಕೆಯೊಂದು, ಸಸ್ಯಾಹಾರಿಗಳಾದ ಹೆಚ್ಚಿನ ನೌಕರರಿಗೆ ಮುಜುಗರವಾಗುವುದೆಂಬ ಕಾರಣವನ್ನು ಕೊಟ್ಟು, ಕಚೇರಿಯ ಊಟದ ಮನೆಗೆ ಮಾಂಸಾಹಾರವನ್ನು ತರಕೂಡದೆಂದು ಸೂಚನೆ ಹೊರಡಿಸಿದಾಗ ಅದು ದೇಶದ ಗಮನವನ್ನೇ ಸೆಳೆಯಿತು. ಬೆಂಗಳೂರು ಗ್ರಾಮಾಂತರ ಸೀಮೆಯ ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿಯೂ, ೨೦೦೮ರಲ್ಲಿ ವಿಮಾನನಿಲ್ದಾಣವಾದ ತರುವಾಯ ದೇವನಹಳ್ಳಿಯ ಸುತ್ತಲೂ ಎದ್ದಿರುವ ಕಾರ್ಖಾನೆಗಳಲ್ಲಿಯೂ ನಾನಾ ಕುಲಮತಗಳ ಜನರು ಒಂದೇ ಸೂರಿನ ಕೆಳಗೆ ದುಡಿಯುತ್ತಿರುವರು. ಆದುದರಿಂದ ಹಿಂದಿನವರು ಇದನ್ನು ಹೇಗೆ ಬಗೆಹರಿಸಿಕೊಂಡರೆಂಬುದನ್ನು ಆಧಾರಗಳಿಂದ ವಿಚಾರಿಸುವುದು ನಿಷ್ಪ್ರಯೋಜನವಾಗದು.

ಮೊದಲು ಶಾಸ್ತ್ರವನ್ನು ನೋಡತಕ್ಕದ್ದು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ದೊರೆತು ಆರ್. ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಮುದ್ರಣವನ್ನು ಕಂಡ ಕೌಟಿಲ್ಯನ ಅರ್ಥಶಾಸ್ತ್ರವು ರಾಜನ ಹೊಲಗಳಲ್ಲಿ ದುಡಿಯುವ ತೋಟಗಾರ, ದನಗಾಹಿ, ದಾಸ, ಕೂಲಿಯಾಳುಗಳಿಗೆ ಅವರವರ ಮನೆಯ ಆಳುಗಳಿಗೆ ತಕ್ಕಂತೆ ಅನ್ನವನ್ನೂ, ಅದರ ಮೇಲೆ ತಿಂಗಳಿಗೆ ೧¼ ಪಣವನ್ನೂ ವಿಧಿಸುತ್ತದೆ. ಒತ್ತೆಯಾಗಿ ಬಂದ ಆಳಿನಿಂದ ಹೆಣವನ್ನಾಗಲಿ ಮಲಮೂತ್ರಗಳನ್ನಾಗಲಿ ಎಂಜಲನ್ನಾಗಲಿ ಎತ್ತಿಸಿದ ಸ್ವಾಮಿಯು ತಾನು ಕೊಟ್ಟ ಹಣವನ್ನೇ ಕಳೆದುಕೊಳ್ಳತಕ್ಕದ್ದೆಂಬುದು ಅದೇ ಗ್ರಂಥದ ಇನ್ನೊಂದು ವಿಧಿ. ಆಪಸ್ತಂಬನಂತೂ, ಅತಿಥಿಗಳ ಸಲುವಾಗಿ ಗೃಹಸ್ಥನು ತನ್ನ ಊಟವನ್ನು, ಹೆಂಡಿರು ಮಕ್ಕಳ ಊಟವನ್ನು ಬೇಕಾದರೆ ಕಡಿಮೆಮಾಡಬಹುದೇ ಹೊರತು ದುಡಿಯುವ ಆಳಿನ ಊಟವನ್ನು ಎಂದಿಗೂ ಕಡಿಮೆಮಾಡಲಾಗದೆಂದು ಹೇಳಿರುವನು. ಆದರೆ ಇಷ್ಟನ್ನೇ ಎತ್ತಿ ತೋರಿಸಿ ಶಾಸ್ತ್ರವು ಸರ್ವಥಾ ದುಡಿಯುವವನ ಪಕ್ಷದಲ್ಲಿತ್ತೆಂದು ಹೇಳುವುದು ಪ್ರಾಮಾಣಿಕತೆಯಾಗದು. ಸೇವಕನಾದ ಶೂದ್ರನಿಗೆ ಉಂಡು ಮಿಕ್ಕುದನ್ನು ಕೊಡಬೇಕೆಂದು ಬರೆದ ಮನುವೂ ಅದೇ ಪರಂಪರೆಯವನು. ಎಂಜಲು ಎತ್ತಿಸಬಾರದೆಂಬ ವಿಧಿಯೂ ಎಂಜಲು ಉಣಿಸಬಹುದೆಂಬ ವಿಧಿಯೂ ಒಂದೇ ಕಪಾಟಿನಲ್ಲಿ ಇರುವುವು. ಯಾವುದನ್ನು ಯಾರು ಯಾವಾಗ ಹೊರತೆಗೆದರೆಂಬುದೇ ಇತಿಹಾಸ.

ಕನ್ನಡನಾಡಿನಲ್ಲಿ ಈ ವಿಚಾರಕ್ಕೆ ಎಲ್ಲಕ್ಕಿಂತ ಹತ್ತಿರದ ಪ್ರಮಾಣವು ಮಿತಾಕ್ಷರಾ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಈ ವ್ಯಾಖ್ಯಾನವು ಸೇವೆಮಾಡುವವರನ್ನು ಐದು ಬಗೆಯಾಗಿ ವಿಂಗಡಿಸುತ್ತದೆ: ಶಿಷ್ಯ, ಕುಶಲವಿದ್ಯೆಯನ್ನು ಕಲಿಯುವ ಅಂತೇವಾಸಿ, ಕೂಲಿಗೆ ದುಡಿಯುವ ಭೃತಕ, ಆಳುಗಳ ಮೇಲಿನ ಅಧಿಕಾರಿ, ದಾಸ. ಮೊದಲ ನಾಲ್ವರು ಕರ್ಮಕರರು. ಅವರಿಂದ ಶುಭಕರ್ಮವನ್ನು ಮಾತ್ರ ಮಾಡಿಸಬೇಕು. ಎಂಜಲೆತ್ತುವುದೇ ಮೊದಲಾದ ಅಶುಭಕರ್ಮವು ದಾಸನ ಪಾಲಿನದು. ನಾರದನ ವಿಭಾಗವನ್ನು ಅನುಸರಿಸಿದ ಈ ವಿವೇಚನೆಯಲ್ಲಿ ಅಂತೇವಾಸಿಯ ಸ್ಥಿತಿಯನ್ನು ಲಕ್ಷಿಸಬೇಕು. ಅವನು ಗುರುವಿನ ಮನೆಯಲ್ಲಿ ಇದ್ದು, ಗುರುವು ಕೊಟ್ಟುದನ್ನು ಉಂಡು, ತಾನು ಗಳಿಸಿದುದನ್ನು ಗುರುವಿಗೆ ಒಪ್ಪಿಸಬೇಕು. ಇಲ್ಲಿ ಅಡುಗೆಯು ಗುರುವಿನದು, ಆದುದರಿಂದ ಅಡುಗೆಯ ನಿಯಮವೂ ಗುರುವಿನದು. ನೇಯ್ಗೆಯನ್ನು ಕಲಿಯಲು ಮಗ್ಗದ ಮನೆಗೆ ಸೇರಿದ ಹುಡುಗನ ಸ್ಥಿತಿಯೂ, ಉಡುಪಿಯ ಕಡೆಯಿಂದ ಬಂದು ಹೋಟೆಲಿನಲ್ಲಿಯೇ ಉಂಡು ಅಲ್ಲಿಯೇ ಮಲಗುತ್ತಿದ್ದ ಮಾಣಿಯ ಸ್ಥಿತಿಯೂ ಇದಕ್ಕೆ ಸಮೀಪವಾದುವು.

ದಾಸರ ಹದಿನೈದು ಭೇದಗಳಲ್ಲಿ ಭಕ್ತದಾಸನೆಂಬವನು ಒಬ್ಬನು: ಅನ್ನಕ್ಕಾಗಿಯೇ ದಾಸನಾದವನು. ಅವನ ಬಿಡುಗಡೆಗೆ ಯಾಜ್ಞವಲ್ಕ್ಯನು ಹೇಳುವ ಉಪಾಯವು ಭಕ್ತತ್ಯಾಗ, ಎಂದರೆ ಸ್ವಾಮಿಯ ಅನ್ನವನ್ನು ಬಿಡುವುದು. ನಾರದನಾದರೋ ಅನ್ನವನ್ನು ಬಿಟ್ಟ ಕ್ಷಣದಲ್ಲಿಯೇ ಅವನು ಮುಕ್ತನೆನ್ನುತ್ತಾನೆ. ಅನ್ನವನ್ನು ಸ್ವೀಕರಿಸುತ್ತಿರುವವರೆಗೆ ಸ್ವಾಮಿತ್ವ, ನಿರಾಕರಿಸಿದೊಡನೆ ಸ್ವಾತಂತ್ರ್ಯ. ಇದು ಮೇಲ್ನೋಟಕ್ಕೆ ಉದಾರವಾದ ವಿಧಿಯಾದರೂ, ಹಸಿದವನಿಗೆ ಊಟವನ್ನು ಬಿಡುವ ಹಕ್ಕನ್ನು ಕೊಡುವುದು ಎಂತಹ ಹಕ್ಕೆಂಬುದನ್ನು ವಾಚಕರೇ ಊಹಿಸಬಹುದು.

ಇವೆಲ್ಲಕ್ಕಿಂತ ಪ್ರಕೃತಕ್ಕೆ ಮುಖ್ಯವಾದುದು ಸಂವಿದ್ವ್ಯತಿಕ್ರಮ ಪ್ರಕರಣದ ಒಂದು ವಚನ. ಸಮೂಹಗಳು ತಮ್ಮೊಳಗೆ ಮಾಡಿಕೊಂಡ ಕಟ್ಟಳೆಗೆ ಶಾಸ್ತ್ರದಲ್ಲಿ ಸಮಯವೆಂದು ಹೆಸರು. ಅಂತಹ ಸಾಮಯಿಕ ಧರ್ಮವನ್ನೂ ರಾಜನು ವಿಧಿಸಿದ ಧರ್ಮವನ್ನೂ ಯತ್ನಪೂರ್ವಕವಾಗಿ ಕಾಪಾಡಬೇಕೆಂದು ಯಾಜ್ಞವಲ್ಕ್ಯನು ಹೇಳಿ, ಅದಕ್ಕೆ ಒಂದು ಎಲ್ಲೆಯನ್ನು ಹಾಕಿರುವನು: ಆ ಕಟ್ಟಳೆಯು ನಿಜಧರ್ಮಕ್ಕೆ, ಅವನವನ ಸ್ವಂತ ಧರ್ಮಕ್ಕೆ, ವಿರೋಧವಾಗಿರಬಾರದು. ರಾಜಕೃತ ಧರ್ಮಕ್ಕೆ ವಿಜ್ಞಾನೇಶ್ವರನು ಕೊಟ್ಟ ಉದಾಹರಣೆಯೂ ಊಟದ್ದೇ ಆಗಿರುವುದು ಸ್ವಾರಸ್ಯಕರ. ದಾರಿಗರಿಗೆ ಊಟ ಹಾಕಬೇಕು, ವೈರಿಯ ನಾಡಿಗೆ ಕುದುರೆಗಳನ್ನು ಕಳುಹಬಾರದು ಎಂಬಂತಹವು. ಈ ವಚನವು ಗ್ರಾಮ, ಶ್ರೇಣಿ ಮೊದಲಾದ ಸಮೂಹಗಳನ್ನು ಕುರಿತದ್ದು, ಸ್ವಾಮಿಭೃತ್ಯರನ್ನು ಕುರಿತದ್ದಲ್ಲವೆಂಬ ಆಕ್ಷೇಪವು ಸರಿಯೇ. ಆದರೂ ರಾಜನ ಆಜ್ಞೆಗೇ ನಿಜಧರ್ಮದ ಎಲ್ಲೆಯಿರುವಾಗ, ಕೂಲಿಕೊಡುವ ಗೃಹಸ್ಥನ ಆಜ್ಞೆಗೆ ಎಲ್ಲೆಯಿಲ್ಲವೆಂದು ವಾದಿಸುವುದು ಕಷ್ಟ. ದಂಡಾಪೂಪನ್ಯಾಯದಿಂದ, ದೊಡ್ಡವನನ್ನು ಕಟ್ಟಿದುದು ಚಿಕ್ಕವನನ್ನೂ ಕಟ್ಟುವುದು.

ಶಾಸ್ತ್ರವನ್ನು ಬಿಟ್ಟು ಲೋಕಾಚಾರಕ್ಕೆ ಬಂದರೆ, ನಾನಾ ಕುಲಗಳು ಒಟ್ಟಿಗೆ ದುಡಿಯಬೇಕಾದ ಹಳ್ಳಿಗಳಲ್ಲಿ ಈ ತೊಡಕನ್ನು ಬಿಡಿಸಿದ್ದು ಪಡಿಯೆಂಬ ಪದ್ಧತಿ. ಬೆಂದ ಅನ್ನದ ಬದಲಾಗಿ ಅಳೆದ ಧಾನ್ಯವನ್ನು ಕೊಡುವುದೇ ಪಡಿ. ಕಣದಲ್ಲಿ ರಾಶಿಯಾದಾಗ ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ತಳವಾರ ಮೊದಲಾದ ಆಯಗಾರರಿಗೆ ರಾಗಿಯನ್ನು ಅಳೆದುಕೊಡುತ್ತಿದ್ದುದು ಇದರ ಒಂದು ರೂಪ. ಅನ್ಯರು ಬೇಯಿಸಿದುದನ್ನು ಉಣ್ಣದ ಬ್ರಾಹ್ಮಣನಿಗೆ ಅಕ್ಕಿ, ಬೇಳೆ, ತುಪ್ಪಗಳನ್ನು ಸ್ವಯಂಪಾಕವೆಂದು ಕೊಡುತ್ತಿದ್ದುದು ಇನ್ನೊಂದು ರೂಪ. ಎರಡರ ಯುಕ್ತಿಯೂ ಒಂದೇ. ಧಾನ್ಯಕ್ಕೆ ಮತವಿಲ್ಲ, ಒಲೆಗೆ ಉಂಟು. ಕೊಡುವವನ ಒಲೆಯನ್ನು ದಾಟಿ ಬಂದ ರಾಗಿಯು ಪಡೆದವನ ಒಲೆಯ ಮೇಲೆ ಅವನ ಇಷ್ಟದಂತೆ ಮುದ್ದೆಯಾಗುವುದು. ಅದಕ್ಕೆ ಸೊಪ್ಪಿನ ಸಾರೋ ಬಾಡಿನ ಸಾರೋ ಎಂಬುದನ್ನು ಕೇಳುವ ಅಧಿಕಾರವು ಅಳೆದುಕೊಟ್ಟವನಿಗೆ ಉಳಿಯದು. ನಾಣ್ಯದ ಕೂಲಿಯು ಇದೇ ಯುಕ್ತಿಯ ಮುಂದಿನ ಹೆಜ್ಜೆ.

ಇದಕ್ಕೆ ಶಿಲಾಶಾಸನದ ನಿದರ್ಶನವೊಂದನ್ನು ಕೊಡಬಹುದು. ಕ್ರಿ. ಶ. ೧೩೬೮ರಲ್ಲಿ ವಿಜಯನಗರದ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಬಂದ ವಿವಾದವನ್ನು ತೀರಿಸಿ ಹಾಕಿಸಿದ ಶ್ರವಣಬೆಳಗೊಳದ ಶಾಸನವು ಪ್ರಸಿದ್ಧವಾಗಿರುವುದು. ನೆಲಮಂಗಲಕ್ಕೆ ನೆರೆಯದಾದ ಮಾಗಡಿ ಸೀಮೆಯ ಕಲ್ಯದಲ್ಲಿಯೂ ಇದೇ ತೀರ್ಪಿನ ಶಾಸನವಿದ್ದು, ಬಿ. ಎಲ್. ರೈಸರು ೧೯೦೫ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟದಲ್ಲಿ ಸೇರಿದೆ. ಸಾಹಿತ್ಯದ ಪುಸ್ತಕಗಳಲ್ಲಿ ಇದನ್ನು ಮತಸಾಮರಸ್ಯಕ್ಕೆ ಉದಾಹರಿಸುವುದು ವಾಡಿಕೆ. ಅದರೊಳಗಿನ ಉದ್ಯೋಗದ ಏರ್ಪಾಡನ್ನು ಲಕ್ಷಿಸಿದವರು ವಿರಳ. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ೧ ಹಣದಂತೆ ಕೊಡಬೇಕು; ಆ ಹೊನ್ನಿನಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿ ಆಳುಗಳನ್ನು ನಿಲ್ಲಿಸಬೇಕು; ಮಿಕ್ಕುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಹಣವು ಜೈನರದು, ಕಾಯುವ ದೇವರು ಜೈನರದು, ಕಾವಲು ವೈಷ್ಣವರದು. ಒಂದು ಮತದ ಧನದಿಂದ ಇನ್ನೊಂದು ಮತದ ಆಳು ಬದುಕಬೇಕಾದ ಈ ಏರ್ಪಾಡಿನಲ್ಲಿ ಆಹಾರದ ಮಾತೇ ಬಾರದು. ಮೌನದಿಂದ ಹೆಚ್ಚನ್ನು ಸಾಧಿಸಲಾಗದಾದರೂ, ರಾತ್ರಿಭೋಜನವನ್ನೂ ಕಂದಮೂಲಗಳನ್ನೂ ವರ್ಜಿಸುವ ಧರ್ಮದವರ ಕ್ಷೇತ್ರಕ್ಕೆ ಅನ್ಯಮತದ ಕಾವಲಿನವರು ಬಂದಾಗ, ಅವರ ಜೀವನಕ್ಕೆ ಆಧಾರವಾಗಿ ಶಾಸನವು ಗೊತ್ತುಮಾಡಿದುದು ಹೊನ್ನನ್ನು, ಪಂಕ್ತಿಯ ಎಲೆಯನ್ನಲ್ಲ ಎಂಬಷ್ಟನ್ನು ಹೇಳಬಹುದು.

ಈ ಶಾಸನದ ಮರುವರ್ಷವೇ, ಎಂದರೆ ೧೩೬೯ರಲ್ಲಿ, ಭೀಮಕವಿಯು ಬಸವಪುರಾಣವನ್ನು ಬರೆದನು. ಅದರಲ್ಲಿ ಬರುವ ನಾಗಿದೇವನ ಪ್ರಸಂಗವನ್ನು ಭಕ್ತಿಯ ಮಹಿಮೆಯೆಂದು ಓದುವುದುಂಟು. ಉದ್ಯೋಗದ ದೃಷ್ಟಿಯಿಂದ ಓದಿದರೆ ಬೇರೊಂದು ಮುಖವು ಕಾಣುವುದು. ಬಸವಣ್ಣನು ಬಿಜ್ಜಳನ ಅಧಿಕಾರಿ, ಅರಸನ ಸಂಬಳವನ್ನುಂಬವನು. ಅಂತ್ಯಜನೆನಿಸಿದ ಶಿವಭಕ್ತನ ಮನೆಯಲ್ಲಿ ಉಂಡು ಅರಮನೆಗೆ ಬಂದನೆಂದು, ಇದರಿಂದ ಸಭೆಯೆಲ್ಲವೂ ಮೈಲಿಗೆಯಾಯಿತೆಂದು ವಿಪ್ರರು ಬಿಜ್ಜಳನಲ್ಲಿ ದೂರುತ್ತಾರೆ. ಲೆಕ್ಕದಲ್ಲಿ ತಪ್ಪಿದನೆಂಬ ದೂರಲ್ಲ, ಕೆಲಸಕ್ಕೆ ಬಾರದೆ ಹೋದನೆಂಬುದೂ ಅಲ್ಲ. ಉದ್ಯೋಗಿಯು ತನ್ನ ಸ್ವಂತ ವೇಳೆಯಲ್ಲಿ, ಅರಮನೆಯ ಹೊರಗೆ, ಯಾರ ಮನೆಯಲ್ಲಿ ಉಂಡನೆಂಬುದೇ ಅಪರಾಧ. ಪುರಾಣವಾದುದರಿಂದ ಈ ವ್ಯವಹಾರವು ಪವಾಡದಲ್ಲಿ ಮುಗಿಯುತ್ತದೆ. ಕಥೆಯನ್ನು ಹನ್ನೆರಡನೆಯ ಶತಮಾನದ ವರದಿಯೆಂದು ಹಿಡಿಯಲಾಗದು. ಆದರೆ ಒಡೆಯನು ಉದ್ಯೋಗಿಯ ಊಟವನ್ನು ವಿಚಾರಣೆಗೆ ತರಬಹುದೆಂಬ ಭಾವನೆಯೂ, ತರುವುದು ಅನ್ಯಾಯವೆಂಬ ಭಾವನೆಯೂ ಹದಿನಾಲ್ಕನೆಯ ಶತಮಾನದ ಕನ್ನಡ ಕವಿಗೆ ಪರಿಚಿತವಾಗಿದ್ದುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ದೇವನಹಳ್ಳಿಯಲ್ಲಿ ಹುಟ್ಟಿದ ಟೀಪುಸುಲ್ತಾನನ ಮದ್ಯನಿಷೇಧವು ಈ ವಿಚಾರಕ್ಕೆ ಇನ್ನೊಂದು ಬಗೆಯ ನಿದರ್ಶನವನ್ನು ಒದಗಿಸುತ್ತದೆ. ಮದ್ಯದಿಂದ ಬರುವ ಹುಟ್ಟುವಳಿಯು ಹೋದರೂ ಚಿಂತೆಯಿಲ್ಲ, ನಿಷೇಧವು ಪೂರ್ಣವಾಗಬೇಕೆಂಬ ಅಭಿಪ್ರಾಯವನ್ನು ಅವನು ೧೭೮೭ರಲ್ಲಿ ಮೀರ್ ಸಾದಕನಿಗೆ ತಿಳಿಸಿದ್ದನು. ಅದರ ಹಿಂದೆ ಮತಶ್ರದ್ಧೆಯೂ ಪ್ರಜೆಗಳ ಆರೋಗ್ಯ ಮತ್ತು ನಡತೆಗಳ ಚಿಂತೆಯೂ ಇದ್ದುವು. ಆದರೂ ತನ್ನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರಿಗೆ ಮಾತ್ರ, ಅವರ ಪಾಳೆಯದ ಮಟ್ಟಿಗೆ, ಮದ್ಯಕ್ಕೆ ಅವಕಾಶ ಕೊಟ್ಟನು. ಕಟ್ಟುನಿಟ್ಟಿನ ನಿಯಮವನ್ನು ಮಾಡಿದ ಪ್ರಭುವೇ ಅನ್ಯಮತದ ನೌಕರರ ಸಲುವಾಗಿ ಅದರಲ್ಲಿ ಒಂದು ಬಾಗಿಲನ್ನು ಇಟ್ಟನೆಂಬುದು ಗಮನಾರ್ಹ. ಫ್ರೆಂಚರ ಕುಶಲತೆಯು ಅವನಿಗೆ ಅವಶ್ಯವಾಗಿತ್ತು. ಬೇರೆ ಒಡೆಯನನ್ನು ಹುಡುಕಿಕೊಂಡು ಹೋಗುವ ಶಕ್ತಿಯು ಅವರಿಗಿತ್ತು. ದೇಶೀಯ ಕಾಲಾಳಿಗೆ ಅಂತಹ ವಿನಾಯಿತಿಯು ದೊರೆಯಲಿಲ್ಲ. ವಿನಾಯಿತಿಯು ಧರ್ಮದಿಂದ ಬಂದಿತೋ ಬಲಾಬಲದಿಂದ ಬಂದಿತೋ ಎಂಬುದರಲ್ಲಿ ಎರಡನೆಯದರ ಕಡೆಗೇ ತಕ್ಕಡಿಯು ವಾಲುತ್ತದೆ.

ಕಂಪೆನಿಯ ಬಂಗಾಳದ ಸೇನೆಯಲ್ಲಿ ಸಿಪಾಯಿಯು ನಾಣ್ಯದಲ್ಲಿ ಸಂಬಳವನ್ನು ಪಡೆದು ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುತ್ತಿದ್ದನು. ಇದು ಪಡಿಯ ಯುಕ್ತಿಯೇ. ಆದುದರಿಂದ ಅಲ್ಲಿ ಕಲಹವು ಹುಟ್ಟಿದುದು ಪಾಕಶಾಲೆಯಲ್ಲಿ ಅಲ್ಲ, ಮದ್ದಿನ ಮನೆಯಲ್ಲಿ. ೧೮೫೭ರಲ್ಲಿ ಹೊಸ ಕೋವಿಯ ತೋಟಾಗಳಿಗೆ ಹಸುವಿನ ಮತ್ತು ಹಂದಿಯ ಕೊಬ್ಬನ್ನು ಸವರಿದೆಯೆಂಬ ವದಂತಿಯು ಹಬ್ಬಿತು. ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದಿತು. ಮೀರತ್ತಿನಲ್ಲಿ ಅದನ್ನು ಮುಟ್ಟಲೊಲ್ಲದ ೮೫ ಮಂದಿ ಸವಾರರಿಗೆ ಸಂಕೋಲೆ ತೊಡಿಸಿದ ಮಾರನೆಯ ದಿನ, ಮೇ ೧೦ರಂದು, ದಂಗೆಯು ಎದ್ದಿತು. ದಂಗೆಗೆ ಬೇರೆ ಕಾರಣಗಳು ಬಹಳವಿದ್ದುವು. ಆದರೆ ಅಡುಗೆಯನ್ನು ಭೃತ್ಯನಿಗೆ ಬಿಟ್ಟುಕೊಟ್ಟ ಒಡೆಯನು ಕೆಲಸದ ಸಲಕರಣೆಯ ಮೂಲಕ ಅವನ ಬಾಯಿಯನ್ನು ಮುಟ್ಟಿದಾಗ ಏನಾಯಿತೆಂಬುದಕ್ಕೆ ಇದು ಮರೆಯಲಾಗದ ನಿದರ್ಶನ.

ಮಂಗಳೂರಿಗೆ ೧೮೩೪ರಲ್ಲಿ ಬಂದ ಬಾಸೆಲ್ ಮಿಶನ್ನಿನ ಉದ್ಯಮಗಳಲ್ಲಿ ಒಡೆಯನೂ ಗುರುವೂ ಒಂದೇ ಆದರು. ಕ್ರೈಸ್ತಮತವನ್ನು ಹೊಂದಿದ ಬಿಲ್ಲವರು ಶೇಂದಿಯಿಳಿಸುವ ಕುಲವೃತ್ತಿಯನ್ನು ಬಿಡಬೇಕಾಗಿತ್ತು. ಮದ್ಯವು ಮಿಶನ್ನಿಗೆ ಸಮ್ಮತವಲ್ಲ. ವೃತ್ತಿಯನ್ನೂ ಕುಲದ ಪಂಕ್ತಿಯನ್ನೂ ಒಟ್ಟಿಗೆ ಕಳೆದುಕೊಂಡ ಈ ಜನರಿಗೆ ಜೀವನೋಪಾಯವನ್ನು ಕಲ್ಪಿಸುವುದಕ್ಕಾಗಿಯೇ ನೇಯ್ಗೆಯ ಕಾರ್ಖಾನೆಯೂ, ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯೂ ಹುಟ್ಟಿದುವು. ನಿಯಮವು ಮೊದಲು, ಉದ್ಯೋಗವು ಆಮೇಲೆ: ಬೇರೆಡೆಗಳ ಕ್ರಮವು ಇಲ್ಲಿ ತಿರುಗುಮುರುಗಾಗಿದೆ. ಉದ್ಯೋಗವನ್ನು ಕಳೆದ ನಿಯಮಕ್ಕೆ ಉದ್ಯೋಗವನ್ನು ಕೊಡುವ ಹೊಣೆಯೂ ಸೇರಿರುವುದೆಂದು ಮಿಶನ್ನು ಒಪ್ಪಿತೆಂಬ ಪ್ರಶಂಸೆಯನ್ನು ಅದಕ್ಕೆ ಸಲ್ಲಿಸಲೇಬೇಕು.

ಬೆಂಗಳೂರಿನ ಸುತ್ತಣ ಹಳ್ಳಿಗಳ ಜೀತಪದ್ಧತಿಯಲ್ಲಿ ಅಂತಹ ಹೊಣೆಯು ಕಾಣದು. ಸಾಲಕ್ಕೆ ಸಿಕ್ಕಿದ ಜೀತದಾಳು ಒಡೆಯನ ಮನೆಯ ಹಿಟ್ಟನ್ನು ಉಂಡು ದುಡಿಯುತ್ತಿದ್ದನು; ಅಸ್ಪೃಶ್ಯನೆನಿಸಿದವನಾದರೆ ಅವನ ತಟ್ಟೆಯು ಕೊಟ್ಟಿಗೆಯಲ್ಲಿ, ಊಟವು ಹೊರಗೆ, ನೀರು ಮೇಲಿನಿಂದ. ಇಲ್ಲಿ ಒಡೆಯನ ಆಚಾರವು ಆಳಿಗೆ ಏನನ್ನು ತಿನ್ನಬೇಕೆಂದು ಹೇಳಿದುದಕ್ಕಿಂತ ಎಲ್ಲಿ ಕುಳಿತು ತಿನ್ನಬೇಕೆಂದು ಹೇಳಿದುದೇ ಹೆಚ್ಚು. ಸ್ಮೃತಿಕಾರರ ಭಕ್ತದಾಸನು ಅನ್ನವನ್ನು ಬಿಟ್ಟು ಮುಕ್ತನಾಗಬಹುದಿತ್ತು; ಜೀತದಾಳು ಅನ್ನವನ್ನು ಬಿಟ್ಟರೂ ಸಾಲವು ಅವನನ್ನು ಬಿಡುತ್ತಿರಲಿಲ್ಲ. ೧೯೭೫ರ ಅಕ್ಟೋಬರಿನ ಸುಗ್ರೀವಾಜ್ಞೆಯೂ ಅದನ್ನು ಹಿಂಬಾಲಿಸಿದ ೧೯೭೬ರ ಶಾಸನವೂ ಜೀತವನ್ನೂ ಆ ಸಾಲವನ್ನೂ ಒಟ್ಟಿಗೆ ರದ್ದುಮಾಡಿದುವು. ಸಾವಿರ ವರ್ಷಗಳ ಧರ್ಮಶಾಸ್ತ್ರಕ್ಕೆ ಹೊಳೆಯದಿದ್ದ ಉಪಾಯವಿದು.

ಆಧುನಿಕ ಶಾಸನವು ವೇತನವನ್ನು ನಾಣ್ಯಕ್ಕೆ ತಂದು ಪಡಿಯ ಯುಕ್ತಿಯನ್ನು ಪೂರ್ಣಮಾಡಿತು. ಇಂಗ್ಲೆಂಡಿನಲ್ಲಿ ೧೮೩೧ರ ಶಾಸನವು ಕೂಲಿಯನ್ನು ಸರಕಿನ ರೂಪದಲ್ಲಿ ಕೊಡುವುದನ್ನು ನಿಷೇಧಿಸಿದುದು ಇದೇ ದಾರಿಯಲ್ಲಿ. ಊಟದ ಸ್ಥಳದ ಮಾತು ಭಾರತದಲ್ಲಿ ೧೯೪೮ರ ಕಾರ್ಖಾನೆಗಳ ಶಾಸನದಲ್ಲಿ ಸ್ಪಷ್ಟವಾಗಿ ಬಂದಿತು. ೨೫೦ಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಕ್ಯಾಂಟೀನು ಇರಬೇಕು, ಅದರ ಆಡಳಿತದಲ್ಲಿ ಕೆಲಸಗಾರರ ಪ್ರತಿನಿಧಿಗಳಿರಬೇಕು. ೧೫೦ಕ್ಕಿಂತ ಹೆಚ್ಚು ಜನರಿರುವಲ್ಲಿ, ಅವರು ತಾವು ತಂದ ಊಟವನ್ನು ಉಣ್ಣುವುದಕ್ಕೆ ಕುಡಿಯುವ ನೀರಿನ ಸಹಿತ ಕೊಠಡಿಯಿರಬೇಕು. ಈ ಎರಡು ವಿಧಿಗಳ ಅಂತರವನ್ನು ಗ್ರಹಿಸಿದರೆ ಸ್ವಾಮಿಭೃತ್ಯರ ಹಳೆಯ ವಿವಾದಕ್ಕೆ ಬೆಳಕು ದೊರೆಯುವುದು. ಕ್ಯಾಂಟೀನಿನಲ್ಲಿ ಬೇಯುವುದು ಒಡೆಯನ ಒಲೆಯ ಮೇಲೆ. ಏನು ಬೇಯಬೇಕೆಂಬುದನ್ನು ಪ್ರತಿನಿಧಿಗಳೊಡನೆ ಸೇರಿ ಅವನು ಗೊತ್ತುಮಾಡಲಿ. ಊಟದ ಕೊಠಡಿಗೆ ಬರುವುದು ಕೆಲಸಗಾರನ ಮನೆಯ ಬುತ್ತಿ. ಬುತ್ತಿಯನ್ನು ಭುಕ್ತಿ ಶಬ್ದದ ತದ್ಭವವೆಂದು ಹೇಳುವುದುಂಟು. ವ್ಯವಹಾರಶಾಸ್ತ್ರದಲ್ಲಿ ಭುಕ್ತಿಯೆಂದರೆ ಸ್ವತ್ತಿನ ಅನುಭೋಗ, ಲಿಖಿತ ಸಾಕ್ಷಿಗಳೊಡನೆ ಎಣಿಸುವ ಮೂರನೆಯ ಪ್ರಮಾಣ.

ಇದಕ್ಕೆ ಒಂದು ಅಪವಾದವನ್ನು ಒಪ್ಪಬೇಕಾಗುವುದು. ಶಿವಗಂಗೆಯಲ್ಲಿಯೋ ಘಾಟಿ ಸುಬ್ರಹ್ಮಣ್ಯದಲ್ಲಿಯೋ ನೈವೇದ್ಯವನ್ನು ಅಡುವ ಪರಿಚಾರಕನಿಗೆ ಮಡಿಯು ಕೆಲಸದ ಅಂಗ. ಅದನ್ನು ಬಿಟ್ಟರೆ ಅವನ ಕೆಲಸವೇ ಉಳಿಯದು. ಅದೇ ದೇವಸ್ಥಾನದ ಲೆಕ್ಕಿಗನಿಗೆ ಮನೆಯಲ್ಲಿ ಇಂತಹುದನ್ನು ಉಣ್ಣಬಾರದೆಂದು ವಿಧಿಸಿದರೆ ಅದು ಕೆಲಸದ ಅಂಗವಲ್ಲ, ಅಧಿಕಾರದ ಅತಿಕ್ರಮ. ಬಿಜ್ಜಳನಿಗೆ ಹೋದ ದೂರು ಈ ಎರಡನೆಯ ಬಗೆಯದು. ದೊಡ್ಡಬಳ್ಳಾಪುರದಲ್ಲಿ ಮಗ್ಗವು ಒಡೆಯನ ವಾಸದ ಮನೆಯೊಳಗೆ ಇರುವಾಗ ಎರಡೂ ಬೆರೆತುಹೋಗುವುವು: ಮನೆಯ ಆಚಾರವೇ ಕೆಲಸದ ಸ್ಥಳದ ನಿಯಮವಾಗಿ ನಿಲ್ಲುವುದು, ಮತ್ತು ಅಷ್ಟು ಚಿಕ್ಕ ಉದ್ಯಮಕ್ಕೆ ಕ್ಯಾಂಟೀನಿನ ಶಾಸನವಾಗಲಿ ಕೊಠಡಿಯ ಶಾಸನವಾಗಲಿ ತಗಲದು. ಈ ತೊಡಕಿಗೆ ಮಿತಾಕ್ಷರೆಯ ಎಲ್ಲೆಯನ್ನು ಬಿಟ್ಟರೆ ಬೇರೆ ಲಿಖಿತ ಪ್ರಮಾಣವನ್ನು ತೋರಿಸುವುದು ಕಷ್ಟ.

ಸರ್ವೋಚ್ಚ ನ್ಯಾಯಾಲಯವು ೨೦೦೮ರ ಮಾರ್ಚಿಯಲ್ಲಿ, ಮನುಷ್ಯನು ಏನನ್ನು ಉಣ್ಣುವನೆಂಬುದು ಅವನ ಸ್ವಂತ ವಿಷಯ, ಖಾಸಗಿತನದ ಹಕ್ಕಿನ ಭಾಗವೆಂದು ಅಭಿಪ್ರಾಯಪಟ್ಟಿತು. ಆದರೆ ಅದೇ ತೀರ್ಪಿನಲ್ಲಿ, ಜೈನರ ಪರ್ಯೂಷಣದ ಒಂಬತ್ತು ದಿನಗಳು ಅಹಮದಾಬಾದಿನ ಕಸಾಯಿಖಾನೆಗಳನ್ನು ಮುಚ್ಚಿಸಿದ ನಗರಸಭೆಯ ನಿರ್ಣಯವನ್ನು ಎತ್ತಿಹಿಡಿಯಿತು. ಅಲ್ಪಕಾಲದ ನಿರ್ಬಂಧವು ಅನ್ಯರ ಭಾವನೆಗೆ ಕೊಡುವ ಗೌರವವೆಂದೂ, ದೀರ್ಘಕಾಲದ್ದಾದರೆ ಬೇರೆಯಾಗಿ ವಿಚಾರಿಸಬೇಕಾಗುತ್ತಿತ್ತೆಂದೂ ಅದರ ತಾತ್ಪರ್ಯ. ೧೯೪೮ರ ಶಾಸನದ ಸ್ಥಾನದಲ್ಲಿ ೨೦೨೦ರ ಸಂಹಿತೆಯು ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದಿತು. ಕ್ಯಾಂಟೀನಿಗೆ ೧೦೦ ಜನ, ಊಟದ ಕೊಠಡಿಗೆ ೫೦ಕ್ಕಿಂತ ಹೆಚ್ಚು ಜನ ಎಂದು ಅದು ಎಲ್ಲೆಗಳನ್ನು ಇಳಿಸಿರುವುದರಿಂದ, ಈ ಸೀಮೆಯ ಇನ್ನೂ ಅನೇಕ ಕಾರ್ಖಾನೆಗಳಲ್ಲಿ ಬುತ್ತಿಯನ್ನು ಬಿಚ್ಚುವುದಕ್ಕೆ ಒಂದು ಕೊಠಡಿಯು ದೊರೆಯಬೇಕಾಗಿದೆ.